ಸಹಿ ಹಾಕಿಕೊಟ್ಟ ಕಾಗದಕ್ಕೆ ಹೆದರಿ ಪರಿಹಾರ ಬಿಡಬೇಡಿ

ಪ್ರಶ್ನೆ: ನನ್ನ ಯಜಮಾನರಿಗೆ 30 ವರ್ಷ. ಪೀಣ್ಯದ ಒಂದು ಸಣ್ಣ ಶೆಡ್‌ನಲ್ಲಿ ಪವರ್ ಪ್ರೆಸ್ (ತಗಡಿನ ಶೀಟನ್ನು ಒತ್ತಿ ಆಕಾರ ಕೊಡುವ ಯಂತ್ರ) ಆಪರೇಟರ್ ಆಗಿದ್ದರು. ಅಲ್ಲಿ ಇದ್ದವರೇ ಎಂಟು ಜನ. ತಿಂಗಳಿಗೆ 14,000 ರೂಪಾಯಿ ಸಂಬಳ, ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಇರಲಿಲ್ಲ. 2025ರ ಮಾರ್ಚ್‌ನಲ್ಲಿ ಪ್ರೆಸ್‌ಗೆ ಸಿಕ್ಕಿ ಬಲಗೈಯ ತೋರುಬೆರಳು, ನಡುಬೆರಳು ಎರಡೂ ಬುಡದಿಂದಲೇ ಹೋದವು. ಓನರ್ ಆಸ್ಪತ್ರೆಗೆ 60,000 ಕಟ್ಟಿದರು. ಆಮೇಲೆ 40,000 ಕೈಗೆ ಕೊಟ್ಟು, ಛಾಪಾ ಕಾಗದದ ಮೇಲೆ ‘ಇನ್ನು ಮುಂದೆ ಏನೂ ಕೇಳುವುದಿಲ್ಲ’ ಅಂತ ಬರೆಸಿ ಸಹಿ ಹಾಕಿಸಿಕೊಂಡರು. ಎರಡೂವರೆ ತಿಂಗಳು ಇವರು ಮನೆಯಲ್ಲೇ ಇದ್ದರು. ಔಷಧಿ, ಡ್ರೆಸ್ಸಿಂಗ್ ಅಂತ ನಾವೇ 18,000 ಖರ್ಚು ಮಾಡಿದೆವು. ಈಗ ಕೆಲಸವೂ ಇಲ್ಲ. ಕೇಳಿದರೆ ‘ಅವನು ಕಾಂಟ್ರಾಕ್ಟರ್ ಕಡೆಯವನು, ತಪ್ಪೂ ಅವನದೇ’ ಅನ್ನುತ್ತಾರೆ. ಆಸ್ಪತ್ರೆಯ ಚೀಟಿಯಲ್ಲಿ ‘ಮನೆಯಲ್ಲಿ ಪೆಟ್ಟು’ ಅಂತ ಬರೆದಿದೆ. ಡಾಕ್ಟರು ಅಂಗವೈಕಲ್ಯ ಶೇ. 12 ಅಂದಿದ್ದಾರೆ. 40ಕ್ಕಿಂತ ಕಡಿಮೆ ಇದ್ದರೆ ಏನೂ ಬರುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಇನ್ನೊಂದು ವಿಷಯ. ನನ್ನ ತಂಗಿ ಗಾರ್ಮೆಂಟ್ಸ್‌ನಲ್ಲಿ ಟೈಲರ್, ಅವಳಿಗೆ ಇಎಸ್‌ಐ ಇದೆ. ಕಳೆದ ಆಗಸ್ಟ್‌ನಲ್ಲಿ ಫ್ಯಾಕ್ಟರಿ ಮೆಟ್ಟಿಲ ಮೇಲೆ ಜಾರಿ ಮಣಿಕಟ್ಟು ಮುರಿದುಕೊಂಡಳು. ‘ಸಿಕ್ ಲೀವ್ ಹಾಕು’ ಅಂದರು, ಹಾಕಿದಳು. ಇಬ್ಬರಿಗೂ ಏನಾದರೂ ದಾರಿ ಇದೆಯಾ?

ಉತ್ತರ: ಇಬ್ಬರಿಗೂ ದಾರಿ ಇದೆ. ಸಮಯವೂ ಇದೆ. ನಿಮ್ಮ ಪತ್ರದಲ್ಲಿ ನಿಮ್ಮನ್ನು ಎಲ್ಲಕ್ಕಿಂತ ಜಾಸ್ತಿ ಹೆದರಿಸಿರುವುದು ಆ ಛಾಪಾ ಕಾಗದ ಅನ್ನಿಸಿತು. ಅದರಿಂದಲೇ ಶುರು ಮಾಡೋಣ.

ಆ ಕಾಗದ ನಿಮ್ಮ ಹಕ್ಕನ್ನು ಕಿತ್ತುಕೊಳ್ಳುವುದಿಲ್ಲ. ನಿಮ್ಮ ಯಜಮಾನರ ಅಪಘಾತಕ್ಕೆ ಅನ್ವಯಿಸುವುದು 1923ರ ನೌಕರರ ಪರಿಹಾರ ಕಾಯ್ದೆ. ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಅಥವಾ ಕಡಿಮೆ ಮಾಡುವ ಯಾವ ಒಪ್ಪಂದವೂ ಊರ್ಜಿತವಲ್ಲ ಅಂತ ಅದರ 17ನೇ ಕಲಂ ನೇರವಾಗಿ ಹೇಳುತ್ತದೆ. ಖುಷಿಯಿಂದ ಸಹಿ ಹಾಕಿರಲಿ, ಬೇರೆ ದಾರಿ ಕಾಣದೆ ಹಾಕಿರಲಿ, ಅದರಿಂದ ಏನೂ ಬದಲಾಗುವುದಿಲ್ಲ. ಇಂಥ ಪರಿಹಾರಕ್ಕೆ ಒಟ್ಟು ಮೊತ್ತದಲ್ಲಿ ರಾಜಿ ಮಾಡಿಕೊಂಡರೆ ಓನರ್ ಅದನ್ನು ಕಮಿಷನರ್ (ಈ ಕಾಯ್ದೆಯ ಕೇಸ್ ತೀರ್ಮಾನಿಸುವ ಅಧಿಕಾರಿ) ಹತ್ತಿರ ಕಳಿಸಿ ನೋಂದಾಯಿಸಬೇಕು. ಇದು 28ನೇ ಕಲಂ. ಮೊತ್ತ ತೀರಾ ಕಡಿಮೆ ಇದ್ದರೆ, ಮೋಸ ಅಥವಾ ಒತ್ತಡ ಕಂಡರೆ ಕಮಿಷನರ್ ನೋಂದಣಿಗೆ ಒಪ್ಪದೆ ಇರಬಹುದು. ಕಳಿಸಲೇ ಇಲ್ಲ ಅಂದರೆ 29ನೇ ಕಲಂ ಬರುತ್ತದೆ. ಆಗ ಓನರ್ ಪೂರ್ತಿ ಪರಿಹಾರ ಕೊಡಬೇಕು. ಮೊದಲೇ ಕೊಟ್ಟ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಕಳೆದುಕೊಳ್ಳುವಂತಿಲ್ಲ. ಕಮಿಷನರ್ ಬೇರೆ ಆದೇಶ ಕೊಟ್ಟರೆ ಮಾತ್ರ ಬೇರೆ ಮಾತು. ಅಂದರೆ ನಿಮಗೆ ಕೊಟ್ಟ 40,000ದಲ್ಲಿ ಕಳೆಯಬಹುದಾದದ್ದು 20,000. ಆಸ್ಪತ್ರೆಗೆ ಕಟ್ಟಿದ 60,000 ಲೆಕ್ಕಕ್ಕೇ ಬರುವುದಿಲ್ಲ. ಚಿಕಿತ್ಸೆಗೆ ಕೊಟ್ಟ ಹಣ ಪರಿಹಾರವಲ್ಲ ಅಂತ ಅದೇ ಕಾಯ್ದೆಯಲ್ಲಿದೆ.

ಇನ್ನೊಂದು ಮಾತು. ಇದನ್ನು ನಿಮ್ಮ ಯಜಮಾನರಿಗೂ ಓದಿ ಹೇಳಿ. ಆ ಛಾಪಾ ಕಾಗದದಲ್ಲಿ ಏನೇನು ಬರೆದಿದೆ ಅಂತ ಒಮ್ಮೆ ನೆನಪು ಮಾಡಿಕೊಳ್ಳಿ. ಇಂಥ ಕಾಗದಗಳು ಸಾಮಾನ್ಯವಾಗಿ ಶುರುವಾಗುವುದೇ ಹೀಗೆ: ‘ನಮ್ಮಲ್ಲಿ ಕೆಲಸ ಮಾಡುತ್ತಿದ್ದ ಇಂಥವರಿಗೆ ಇಂಥ ದಿನ ಕೆಲಸದ ವೇಳೆ ಯಂತ್ರಕ್ಕೆ ಕೈ ಸಿಕ್ಕಿ ಗಾಯವಾಗಿದ್ದು...’ ನಾವು ಕಮಿಷನರ್ ಮುಂದೆ ರುಜುವಾತು ಮಾಡಬೇಕಾದ ಮೂರು ಸಂಗತಿಯೂ ಅದರಲ್ಲಿದೆ. ಇವರು ಅಲ್ಲಿ ಕೆಲಸ ಮಾಡುತ್ತಿದ್ದರು. ಅಪಘಾತ ಆಯಿತು. ಅದು ಕೆಲಸದಿಂದಲೇ ಆಯಿತು. ಕೆಳಗೆ ಓನರ್ ಸಹಿಯೂ ಇರುತ್ತದೆ. ಹಕ್ಕು ಬಿಟ್ಟುಕೊಟ್ಟ ಸಾಲಿಗೆ ಬೆಲೆ ಇಲ್ಲ, ಒಪ್ಪಿಕೊಂಡ ಸಾಲಿಗೆ ಇದೆ. ಅದರ ಫೋಟೋ ನಿಮ್ಮ ಅಥವಾ ಸಂಬಂಧಿಕರ ಫೋನ್‌ನಲ್ಲಿದ್ದರೆ ಇವತ್ತೇ ಎರಡು ಕಡೆ ಸೇವ್ ಮಾಡಿ. ಇಲ್ಲದಿದ್ದರೂ ಚಿಂತೆ ಬೇಡ. ‘ಆಗಲೇ ಸೆಟ್ಲ್‌ಮೆಂಟ್ ಆಗಿದೆ’ ಅಂತ ವಾದ ಮಾಡಬೇಕಾದರೆ ಅದನ್ನು ಓನರೇ ಹಾಜರು ಮಾಡಬೇಕಾಗುತ್ತದೆ.

ಈಗ ಕಾಯ್ದೆ ಬದಲಾಗಿದೆ ಅಂತ ಯಾರಾದರೂ ಹೇಳಬಹುದು. ಹೌದು, 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಯಾಗಿ, 1923ರ ಕಾಯ್ದೆಯೂ ಇಎಸ್‌ಐ ಕಾಯ್ದೆಯೂ ಅದರೊಳಗೆ ಸೇರಿಕೊಂಡಿವೆ. ಆದರೆ ಪರಿಹಾರದ ಹೊಣೆ ಹುಟ್ಟುವುದು ಅಪಘಾತವಾದ ದಿನ. ನಿಮ್ಮದು ಮಾರ್ಚ್‌ನಲ್ಲಿ ಆದದ್ದು. ಹಾಗಾಗಿ ನಾನು ಹಳೆಯ ಕಾಯ್ದೆಯ ಲೆಕ್ಕವನ್ನೇ ಹೇಳುತ್ತಿದ್ದೇನೆ.

ಇನ್ನು ಶೇಕಡಾ 12 ಮತ್ತು 40ರ ವಿಷಯ. ಈ ಗೊಂದಲದಿಂದ ಎಷ್ಟೋ ಜನ ಅರ್ಜಿಯನ್ನೇ ಹಾಕದೆ ಬಿಟ್ಟಿದ್ದನ್ನು ಕಂಡಿದ್ದೇನೆ. ಶೇ. 40 ಅನ್ನೋದು ಅಂಗವಿಕಲರ ಹಕ್ಕುಗಳ ಕಾಯ್ದೆಯ ಅಳತೆ. ಸರ್ಕಾರಿ ಮೀಸಲಾತಿ ಮತ್ತು ಅಂಥ ಸೌಲಭ್ಯಗಳಿಗೆ ಅದು ಬೇಕು. ಕೆಲಸದಲ್ಲಿ ಆದ ಗಾಯದ ಪರಿಹಾರಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಇಲ್ಲಿ ಅಳೆಯುವುದು ದೇಹ ಎಷ್ಟು ಊನವಾಯಿತು ಅಂತಲ್ಲ, ದುಡಿಯುವ ಶಕ್ತಿ ಎಷ್ಟು ಹೋಯಿತು ಅಂತ. ಕಿರುಬೆರಳಿನ ತುದಿ ಮೂಳೆಗೆ ತಾಗದಂತೆ ಕತ್ತರಿಸಿ ಹೋದರೂ ಈ ಕಾಯ್ದೆಯಲ್ಲಿ ಶೇ. 2 ಇದೆ. ಶೂನ್ಯ ಅಲ್ಲ.

ಬೆರಳು, ಕೈ, ಕಣ್ಣು ಹೋದ ಪ್ರಕರಣಗಳಲ್ಲಿ ಶೇಕಡಾ ಎಷ್ಟು ಅನ್ನೋದನ್ನು ಡಾಕ್ಟರ ಅಂದಾಜಿಗೂ ಬಿಟ್ಟಿಲ್ಲ. ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿ ಪಟ್ಟಿಯೇ ಇದೆ. ಹೆಬ್ಬೆರಳು ಹೋದರೆ 30. ಒಂದೇ ಕೈಯ ಎರಡು ಬೆರಳು ಹೋದರೆ 20, ಮೂರು ಹೋದರೆ 30, ನಾಲ್ಕು ಹೋದರೆ 50. ಅದೇ ಪಟ್ಟಿಯಲ್ಲಿ ಬಿಡಿಬಿಡಿಯಾಗಿ ಇಡೀ ತೋರುಬೆರಳಿಗೆ 14, ಇಡೀ ನಡುಬೆರಳಿಗೆ 12 ಅಂತಲೂ ಇದೆ, ಕೂಡಿಸಿದರೆ 26. ಆದ್ದರಿಂದ ನಿಮ್ಮ ಯಜಮಾನರಿಗೆ 20 ಅನ್ನೋದನ್ನು ತಳ ಅಂತ ಹಿಡಿದುಕೊಳ್ಳಿ, ಮಿತಿ ಅಂತ ಅಲ್ಲ. ಡಾಕ್ಟರು ಬರೆದ 12 ಇಡೀ ದೇಹಕ್ಕೆ ಹಾಕಿದ ಲೆಕ್ಕ ಇರಬೇಕು. ಅವರು ತಪ್ಪು ಮಾಡಿಲ್ಲ. ಅದು ಉತ್ತರ ಕೊಡುವುದು ಬೇರೆ ಪ್ರಶ್ನೆಗೆ, ಅಷ್ಟೇ. ನಿಮಗೆ ಅವರಿಂದ ಬೇಕಾದದ್ದು ಒಂದೇ: ಯಾವ ಬೆರಳು, ಯಾವ ಗೆಣ್ಣಿನಿಂದ ಹೋಗಿದೆ ಅಂತ ಸ್ಪಷ್ಟವಾಗಿ ಬರೆದ ಪ್ರಮಾಣಪತ್ರ, ಜೊತೆಗೆ ಎಕ್ಸ್‌ರೇ.

20ಕ್ಕಿಂತ ಜಾಸ್ತಿ ಕೇಳಲು ಆಧಾರ ಇದೆ. ಒಬ್ಬ ಬಡಗಿ ಕೆಲಸದ ವೇಳೆ ಬಿದ್ದು, ಎಡಗೈಯನ್ನು ಮೊಣಕೈಯಿಂದ ಮೇಲೆ ಕತ್ತರಿಸಬೇಕಾಯಿತು. ಪ್ರತಾಪ್ ನಾರಾಯಣ್ ಸಿಂಗ್ ದೇವ್ ಪ್ರಕರಣ ಅಂತಲೇ ಅದು ಪ್ರಸಿದ್ಧ, 1976ರ ವರದಿಗಳಲ್ಲಿದೆ. ಪಟ್ಟಿಯ ಪ್ರಕಾರ ಅದು ಪೂರ್ತಿ ನಷ್ಟವಲ್ಲ. ಆದರೆ ಒಂದೇ ಕೈಯಲ್ಲಿ ಬಡಗಿ ಕೆಲಸ ಮಾಡಲಾಗುವುದಿಲ್ಲ, ಹಾಗಾಗಿ ಆತನ ನಷ್ಟ ಶೇ. 100 ಅಂತ ಸುಪ್ರೀಂ ಕೋರ್ಟ್ ಒಪ್ಪಿತು. ನಿಮ್ಮ ಯಜಮಾನರಿಗೆ 100 ಸಿಗುತ್ತದೆ ಅಂತ ನಾನು ಹೇಳುತ್ತಿಲ್ಲ, ಹಾಗೆ ಆಸೆ ಹುಟ್ಟಿಸುವುದು ತಪ್ಪು. ಆದರೆ ಬಲಗೈಯಲ್ಲಿ ಈಗ ಏನು ಹಿಡಿಯಲು ಆಗುತ್ತದೆ, ಏನು ಆಗುವುದಿಲ್ಲ ಅಂತ ಹೇಳಲೇಬೇಕು. ಶೀಟಿನ ಅಂಚು ಹಿಡಿದು ಡೈ (ಪ್ರೆಸ್‌ನ ಅಚ್ಚು) ಮೇಲೆ ಇಡುವಾಗ ಬಿಗಿ ಕೊಡುವುದು ಹೆಬ್ಬೆರಳಿನ ಜೊತೆ ಇದೇ ಎರಡು ಬೆರಳು. ಅಳತೆ ನೋಡುವ ವರ್ನಿಯರ್ ಹಿಡಿಯುವುದೂ ಅವೇ. ಆ ಬಿಗಿ ಹೋದ ಮೇಲೆ ಇವರನ್ನು ಪ್ರೆಸ್ ಆಪರೇಟರ್ ಆಗಿ ಯಾರು ಸೇರಿಸಿಕೊಳ್ಳುತ್ತಾರೆ? ಕೆಲಸ ಕೇಳಲು ಹೋದ ಕಡೆ ಕೈ ನೋಡಿ ಬೇಡ ಅಂದಿದ್ದರೆ ಅದನ್ನೂ ಸಾಕ್ಷಿಯಲ್ಲಿ ಹೇಳಿಸಿ.

ಈಗ ದುಡ್ಡಿನ ಲೆಕ್ಕ. ಶಾಶ್ವತ ಪೂರ್ಣ ಊನಕ್ಕೆ ತಿಂಗಳ ಸಂಬಳದ ಶೇ. 60ನ್ನು ವಯಸ್ಸಿನ ಅಂಶದಿಂದ, ಅಂದರೆ ವಯಸ್ಸಿಗೆ ತಕ್ಕಂತೆ ಕಾಯ್ದೆಯಲ್ಲಿ ಕೊಟ್ಟಿರುವ ಅಂಕಿಯಿಂದ, ಗುಣಿಸಬೇಕು. 30 ವರ್ಷಕ್ಕೆ ಆ ಅಂಶ 207.98. ಚಿಕ್ಕ ವಯಸ್ಸಿಗೆ ಅದು ದೊಡ್ಡದು, 40ಕ್ಕೆ 184.17, 50ಕ್ಕೆ 153.09. ಸಂಬಳ ಎಷ್ಟೇ ಇದ್ದರೂ ಲೆಕ್ಕಕ್ಕೆ ಹಿಡಿಯುವುದು 15,000ದವರೆಗೆ ಮಾತ್ರ. ಇದು 2020ರ ಜನವರಿ 3ರ ಅಧಿಸೂಚನೆ. ನಿಮ್ಮದು 14,000, ಮಿತಿಯ ಒಳಗೇ ಇದೆ. 14,000ದ ಶೇ. 60 ಅಂದರೆ 8,400. ಅದನ್ನು 207.98ರಿಂದ ಗುಣಿಸಿದರೆ 17,47,032. ಅದರ ಶೇ. 20 ಅಂದರೆ 3,49,406 ರೂಪಾಯಿ. ಓನರ್ ಕೊಟ್ಟ 40,000ವನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಇಷ್ಟಕ್ಕೇ ಮುಗಿಯುವುದಿಲ್ಲ. ಬಾಕಿಯಾದ ಪರಿಹಾರವನ್ನು ಒಂದು ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ ಶೇ. 12 ಬಡ್ಡಿ ಸೇರುತ್ತದೆ. ನಿಮ್ಮ ಮೊತ್ತಕ್ಕೆ ಅದು ವರ್ಷಕ್ಕೆ ಸುಮಾರು 41,900. ಸರಿಯಾದ ಕಾರಣ ಇಲ್ಲದೆ ತಡಮಾಡಿದರೆ ಪರಿಹಾರದ ಅರ್ಧದಷ್ಟರವರೆಗೆ ದಂಡವನ್ನೂ ಕಮಿಷನರ್ ಹಾಕಬಹುದು. ನೀವು ಕೈಯಿಂದ ಹಾಕಿದ 18,000 ಚಿಕಿತ್ಸೆ ಖರ್ಚನ್ನು ಬಿಲ್ ತೋರಿಸಿ ಕೇಳಬಹುದು. 2010ರಲ್ಲಿ ಜಾರಿಗೆ ಬಂದ ತಿದ್ದುಪಡಿ ಆ ಹಕ್ಕು ಕೊಟ್ಟಿದೆ. ಮನೆಯಲ್ಲಿ ಕೂತ ಎರಡೂವರೆ ತಿಂಗಳಿಗೆ ತಾತ್ಕಾಲಿಕ ಊನದ ಪಾವತಿ ಅಂತ ಬೇರೆಯೇ ಇದೆ. ಪ್ರತಿ ಅರ್ಧ ತಿಂಗಳಿಗೆ ಸಂಬಳದ ಶೇ. 25, ಅಂದರೆ 3,500. ಐದು ಅರ್ಧ ತಿಂಗಳಿಗೆ 17,500. ಇದನ್ನೂ ಅರ್ಜಿಯಲ್ಲಿ ಬರೆಯಿರಿ. ಕೇಳದೆ ಬಿಟ್ಟದ್ದನ್ನು ಯಾರೂ ತಾವಾಗಿ ಕೊಡುವುದಿಲ್ಲ.

‘ಕಾಂಟ್ರಾಕ್ಟರ್ ಕಡೆಯವನು’ ಅನ್ನೋ ಮಾತಿಗೆ 12ನೇ ಕಲಂ ಉತ್ತರ ಹೇಳುತ್ತದೆ. ತನ್ನ ವ್ಯಾಪಾರದ ಕೆಲಸವನ್ನೇ ಕಾಂಟ್ರಾಕ್ಟರ್ ಮೂಲಕ ಮಾಡಿಸಿದರೂ ಪರಿಹಾರ ಕೊಡುವ ಹೊಣೆ ಶೆಡ್ಡಿನ ಓನರದ್ದೇ. ಕೊಟ್ಟಮೇಲೆ ಅವರು ಬೇಕಾದರೆ ಕಾಂಟ್ರಾಕ್ಟರ್ ಹತ್ತಿರ ವಸೂಲಿ ಮಾಡಿಕೊಳ್ಳಲಿ, ಅದು ಅವರಿಬ್ಬರ ವ್ಯವಹಾರ. ಅರ್ಜಿಯಲ್ಲಿ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ. ಓನರ್ ಇನ್ಶೂರೆನ್ಸ್ ಪಾಲಿಸಿ ಮಾಡಿಸಿದ್ದರೆ ಆ ಕಂಪನಿಯನ್ನೂ ಸೇರಿಸಿ. ಸಣ್ಣ ಶೆಡ್‌ಗಳಲ್ಲೂ ದೊಡ್ಡ ಕಂಪನಿಯ ಆರ್ಡರ್ ಬೇಕು ಅಂತ ಈ ಪಾಲಿಸಿ ಮಾಡಿಸಿರುವುದುಂಟು, ಕೆಲಸದವರಿಗೆ ಗೊತ್ತೇ ಇರುವುದಿಲ್ಲ. ಪಾಲಿಸಿ ಇದ್ದರೆ ಹಣ ಕೈಗೆ ಬರುವ ಭರವಸೆ ಜಾಸ್ತಿ. ದಂಡ ಮಾತ್ರ ಓನರ್ ತಲೆಯ ಮೇಲೇ ಉಳಿಯುತ್ತದೆ.

‘ತಪ್ಪು ಅವನದೇ’ ಅನ್ನೋದಕ್ಕೂ ಇಲ್ಲಿ ಬೆಲೆ ಕಡಿಮೆ. ಈ ಕಾಯ್ದೆಯಲ್ಲಿ ಅಜಾಗರೂಕತೆ ಪರಿಹಾರಕ್ಕೆ ಅಡ್ಡಿಯಲ್ಲ. ದಿನಕ್ಕೆ ಸಾವಿರಾರು ಸಲ ಪೆಡಲ್ ಒತ್ತುವ ಮನುಷ್ಯನ ಕೈ ಒಂದು ಸಲ ತಪ್ಪುತ್ತದೆ ಅಂತ ಕಾಯ್ದೆ ಮಾಡಿದವರಿಗೆ ಗೊತ್ತಿತ್ತು. ಅಡ್ಡಿಯಾಗುವುದು ಮೂರೇ: ಕುಡಿದು ಕೆಲಸ ಮಾಡುವಾಗ ಆದ ಅಪಘಾತ, ಸುರಕ್ಷತೆಗೆ ಅಂತ ಕೊಟ್ಟ ಸ್ಪಷ್ಟ ಆದೇಶವನ್ನು ಬೇಕಂತಲೇ ಮೀರಿದ್ದು, ಯಂತ್ರಕ್ಕೆ ಕೈ ಸಿಗದಂತೆ ತಡೆಯುವ ಗಾರ್ಡ್‌ನಂಥ ರಕ್ಷಣೆಯನ್ನು ಬೇಕಂತಲೇ ತೆಗೆದದ್ದು. ಇದನ್ನು ಓನರ್ ರುಜುವಾತು ಮಾಡಬೇಕು. ನಿಮ್ಮ ಯಜಮಾನರನ್ನು ಕೂರಿಸಿಕೊಂಡು ಕೇಳಿ: ಆ ಪ್ರೆಸ್‌ಗೆ ಗಾರ್ಡ್ ಇತ್ತಾ? ಇದ್ದರೆ ತೆಗೆದವರು ಯಾರು, ತೆಗೆಯಲು ಹೇಳಿದವರು ಯಾರು? ಎರಡು ಕೈಯಲ್ಲಿ ಒತ್ತುವ ಬಟನ್ ಇದ್ದು, ಪೀಸ್ ಬೇಗ ಬರಲಿ ಅಂತ ಒಂದನ್ನು ಟೇಪ್ ಸುತ್ತಿ ಒತ್ತಿ ಹಿಡಿಸಿದ್ದರಾ? ಇಂಥದನ್ನು ನಾನು ಕಣ್ಣಾರೆ ನೋಡಿದ್ದೇನೆ. ಕಪ್ಪು ಟೇಪು, ಅದರ ಮೇಲೆ ವರ್ಷದ ಜಿಡ್ಡು. ಒಬ್ಬ ಕೆಲಸಗಾರ ನಿನ್ನೆ ಮಾಡಿದ ಕೆಲಸ ಅದಲ್ಲ ಅಂತ ಆ ಜಿಡ್ಡೇ ಹೇಳುತ್ತಿತ್ತು.

ಇನ್ನು ಆಸ್ಪತ್ರೆ ಚೀಟಿಯ ‘ಮನೆಯಲ್ಲಿ ಪೆಟ್ಟು’. ನಿಮ್ಮ ಕೇಸಿನಲ್ಲಿ ನಿಜವಾಗಿ ಕಷ್ಟದ ಜಾಗ ಇದು. ಛಾಪಾ ಕಾಗದ ಅಲ್ಲ. ರಕ್ತ ಸೋರುತ್ತಿರುವ ಮನುಷ್ಯ ಟೇಬಲ್ ಮೇಲೆ ಮಲಗಿರುತ್ತಾನೆ. ‘ಹೇಗಾಯಿತು’ ಅಂತ ನರ್ಸ್ ಕೇಳಿದಾಗ ಉತ್ತರ ಕೊಡುವುದು ಕರೆತಂದವರು. ಪೊಲೀಸ್ ಕೇಸ್ ಆಗುತ್ತದೆ ಅನ್ನೋ ಭಯಕ್ಕೆ ಏನೋ ಹೇಳಿಬಿಡುತ್ತಾರೆ. ಆ ಒಂದು ಸಾಲು ಡಿಸ್ಚಾರ್ಜ್ ಸಮ್ಮರಿವರೆಗೂ ನಕಲಾಗುತ್ತಾ ಹೋಗುತ್ತದೆ. ಕೆಲವು ವರ್ಷಗಳ ಹಿಂದೆ ನನ್ನ ಹತ್ತಿರ ಬಂದ ಒಬ್ಬ ಹುಡುಗನ ಚೀಟಿಯಲ್ಲಿ ‘ಬಾಗಿಲ ಸಂದಿಗೆ ಸಿಕ್ಕಿ ಗಾಯ’ ಅಂತಿತ್ತು. ಆದರೆ ಅವನನ್ನು ದೊಡ್ಡ ಆಸ್ಪತ್ರೆಗೆ ಕರೆದೊಯ್ಯುವ ಮೊದಲು ಶೆಡ್ ಪಕ್ಕದ ಕ್ಲಿನಿಕ್‌ನಲ್ಲಿ ಬ್ಯಾಂಡೇಜ್ ಸುತ್ತಿಸಿದ್ದರು. ಅಲ್ಲಿಯ ಡಾಕ್ಟರು ಬರೆದುಕೊಟ್ಟ ಅರ್ಧ ಹಾಳೆಯಲ್ಲಿ ‘ಮಷಿನ್ ಗಾಯ’ ಅನ್ನೋ ಎರಡು ಪದ ಇತ್ತು. ಅವನ ತಾಯಿ ಆ ಹಾಳೆಯನ್ನು ಮಡಿಸಿ ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರ್‌ನಲ್ಲಿ ಇಟ್ಟುಕೊಂಡಿದ್ದರು. ಆ ಎರಡು ಪದದ ಮೇಲೆ ಕೇಸ್ ನಿಂತಿತು.

ನೀವೂ ಹಾಗೆ ಹುಡುಕಿ. ಮೊದಲು ಎಲ್ಲಿಗೆ ಕರೆದೊಯ್ದರು? ಆಂಬುಲೆನ್ಸ್ ಬಂದಿತ್ತಾ, ಆಟೋನಾ? ಆಸ್ಪತ್ರೆಯ ಎಂಎಲ್‌ಸಿ ರಿಜಿಸ್ಟರ್‌ನಲ್ಲಿ (ಪೊಲೀಸರಿಗೆ ತಿಳಿಸಬೇಕಾದ ಗಾಯಗಳನ್ನು ಬರೆಯುವ ಪುಸ್ತಕ) ಏನಿದೆ? ಸರ್ಕಾರಿ ಆಸ್ಪತ್ರೆ ಆದರೆ ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಆಪರೇಷನ್ ಮಾಡಿದ ಡಾಕ್ಟರನ್ನು ಹೋಗಿ ಕಾಣಿ. ಮನೆಯಲ್ಲಿ ಬಿದ್ದರೆ ಎರಡು ಬೆರಳು ಬುಡದಿಂದ ಹೀಗೆ ಜಜ್ಜಿ ಹೋಗುತ್ತವೆಯಾ ಅಂತ ಕೇಳಿ, ‘ಭಾರೀ ಯಂತ್ರದ ಒತ್ತಡದಿಂದ ಆಗುವಂಥ ಗಾಯ’ ಅಂತ ಅವರಿಗೆ ಅನ್ನಿಸಿದರೆ ಬರೆದುಕೊಡಲು ವಿನಂತಿಸಿ. ಎಲ್ಲ ಡಾಕ್ಟರೂ ಒಪ್ಪುವುದಿಲ್ಲ, ಆದರೆ ಮರ್ಯಾದೆಯಿಂದ ಕೇಳಿದರೆ ಎಷ್ಟೋ ಜನ ಒಪ್ಪುತ್ತಾರೆ. ಬಿಲ್ ಕಟ್ಟಿದ್ದು ಓನರ್ ಖಾತೆಯಿಂದ ಅಲ್ವಾ? ಆ ರಸೀದಿ ತೆಗೆಸಿ. ಮನೆಯಲ್ಲಿ ಆದ ಗಾಯಕ್ಕೆ ಓನರ್ 60,000 ಯಾಕೆ ಕಟ್ಟುತ್ತಾರೆ?

ಸಂಬಳಕ್ಕೆ ಪುರಾವೆ ಇಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ. ಒಂದೆರಡು ತಿಂಗಳಾದರೂ ಫೋನ್‌ಪೇ, ಗೂಗಲ್‌ಪೇಯಲ್ಲಿ ಅಡ್ವಾನ್ಸ್ ಬಂದಿರುತ್ತದೆ, ಅದರ ಸ್ಟೇಟ್‌ಮೆಂಟ್ ತೆಗೆಯಿರಿ. ‘ನಾಳೆ ಬೇಗ ಬಾ, ಲೋಡ್ ಕಳಿಸಬೇಕು’ ಅನ್ನೋ ಸೂಪರ್‌ವೈಸರ್ ವಾಟ್ಸ್ಯಾಪ್ ಮೆಸೇಜ್ ಕೂಡ ಪುರಾವೆಯೇ. ಹಳೆ ಫೋನ್ ಮಾರಬೇಡಿ. ಶೆಡ್ ಬಿಟ್ಟು ಬೇರೆ ಕಡೆ ಸೇರಿರುವ ಜೊತೆಗಾರ ಇದ್ದರೆ ಅವರ ಸಾಕ್ಷಿ ಬಹಳ ಗಟ್ಟಿ, ಯಾಕೆಂದರೆ ಅವರಿಗೆ ಓನರ್ ಭಯ ಇರುವುದಿಲ್ಲ. ಅಕಸ್ಮಾತ್ ಕೊಟ್ಟ ಸಂಬಳ ಸರ್ಕಾರ ನಿಗದಿ ಮಾಡಿದ ಕನಿಷ್ಠ ವೇತನಕ್ಕಿಂತ ಕಡಿಮೆ ಇದ್ದರೆ, ಕನಿಷ್ಠ ವೇತನದ ಮೇಲೆಯೇ ಲೆಕ್ಕ ಹಾಕಿ ಅಂತ ಕೇಳಿ.

ಎಂಟು ಜನ ಅಂದಿರಿ. ಇನ್ನೊಂದು ಸಲ ಎಣಿಸಿ. ಹತ್ತು ಜನ ಇದ್ದರೆ ಇಎಸ್‌ಐ ಅನ್ವಯವಾಗುತ್ತದೆ. ಗುಡಿಸುವವರು, ಹೆಲ್ಪರ್‌ಗಳು, ಕಾಂಟ್ರಾಕ್ಟರ್ ಕಳಿಸಿದವರು ಎಲ್ಲರೂ ಲೆಕ್ಕಕ್ಕೆ ಬರುತ್ತಾರೆ. ಯಾಕೆ ಹೇಳುತ್ತಿದ್ದೇನೆ ಅಂದರೆ, ಇಎಸ್‌ಐ ಅನ್ವಯವಾಗುವ ಕಡೆ ನೌಕರರ ಪರಿಹಾರ ಕಾಯ್ದೆಯಲ್ಲಿ ಅರ್ಜಿ ಹಾಕುವಂತಿಲ್ಲ, ಎರಡರಲ್ಲಿ ಒಂದೇ. ‘ನಮ್ಮಲ್ಲಿ ಹನ್ನೊಂದು ಜನ ಇದ್ದರು’ ಅಂತ ಕೇಸ್ ಅರ್ಧಕ್ಕೆ ಬಂದಾಗ ಎದುರಿನವರು ಹೇಳಿದರೆ ಒಂದು ವರ್ಷ ಹಾಳಾಗುತ್ತದೆ. ನೋಂದಣಿ ಮಾಡಿಸದೆ ಬಿಟ್ಟಿದ್ದರೆ ಅದು ಓನರ್ ತಪ್ಪು. ಇಎಸ್‌ಐ ನಿಗಮ ಕೆಲಸಗಾರನಿಗೆ ಸೌಲಭ್ಯ ಕೊಟ್ಟು, ಹಣವನ್ನು ಓನರ್‌ನಿಂದ ವಸೂಲಿ ಮಾಡಬಹುದು. ನಿಜವಾಗಿಯೂ ಎಂಟೇ ಜನ ಇದ್ದರೆ ನೌಕರರ ಪರಿಹಾರವೇ ನಿಮ್ಮ ದಾರಿ. ಅಲ್ಲಿ ಎಷ್ಟು ಜನ ಇದ್ದರು ಅನ್ನೋದು ಮುಖ್ಯವಲ್ಲ.

ಅರ್ಜಿ ಹಾಕಲು ಅಪಘಾತವಾದ ದಿನದಿಂದ ಎರಡು ವರ್ಷ ಸಮಯ. ನಿಮ್ಮದು 2027ರ ಮಾರ್ಚ್‌ಗೆ ಮುಗಿಯುತ್ತದೆ. ತಕ್ಕ ಕಾರಣ ತೋರಿಸಿದರೆ ತಡವಾದದ್ದನ್ನು ಮನ್ನಿಸುವ ಅಧಿಕಾರ ಕಮಿಷನರ್‌ಗೆ ಇದೆ, ಆದರೆ ಅದನ್ನು ನಂಬಿಕೊಂಡು ಕೂರಬೇಡಿ. ಈ ವಾರವೇ ಓನರ್‌ಗೂ ಕಾಂಟ್ರಾಕ್ಟರ್‌ಗೂ ಸ್ಪೀಡ್ ಪೋಸ್ಟ್‌ನಲ್ಲಿ ಒಂದು ನೋಟಿಸ್ ಕಳಿಸಿ. ಯಾರು, ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಯಂತ್ರದಲ್ಲಿ, ಯಾವ ಗಾಯ. ಇಷ್ಟು ಸಾಕು, ಬೈಗುಳ ಬೇಡ. ಒಂದು ಹಾಳೆಯಲ್ಲಿ ಮುಗಿಯಲಿ. ರಸೀದಿ ಜೋಪಾನ. ಅರ್ಜಿಯನ್ನು ಅಪಘಾತವಾದ ಜಾಗದ ಕಮಿಷನರ್ ಮುಂದೆಯೇ ಹಾಕಬೇಕು ಅಂತಿಲ್ಲ, ನೀವು ವಾಸವಿರುವ ಕಡೆಯೂ ಹಾಕಬಹುದು. ಊರಿಗೆ ವಾಪಸ್ ಹೋಗಿರುವ ಕುಟುಂಬಗಳಿಗೆ ಇದು ದೊಡ್ಡ ಅನುಕೂಲ. ಯಾವ ಕಚೇರಿ ಅನ್ನೋದನ್ನು ಕಾರ್ಮಿಕ ಇಲಾಖೆಯಲ್ಲಿ ಅಥವಾ ಕೋರ್ಟ್ ಆವರಣದ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೇಳುತ್ತಾರೆ. ಮೂರು ತಿಂಗಳೊಳಗೆ ತೀರ್ಮಾನ ಆಗಬೇಕು ಅಂತ ಕಾಯ್ದೆಯಲ್ಲಿದೆ, ಆದರೆ ಅದಕ್ಕಿಂತ ಜಾಸ್ತಿ ಹಿಡಿಯುತ್ತದೆ. ಮನಸ್ಸಿನಲ್ಲಿ ಎರಡು ವರ್ಷ ಇಟ್ಟುಕೊಳ್ಳಿ.

ವಕೀಲರಿಗೆ ದುಡ್ಡು ಎಲ್ಲಿಂದ ಅಂತ ಯೋಚಿಸುತ್ತಿದ್ದರೆ, ಕಾರ್ಖಾನೆ ಕೆಲಸಗಾರರಿಗೂ ಅಂಗವಿಕಲರಿಗೂ ಹೆಣ್ಣುಮಕ್ಕಳಿಗೂ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ಇದು 1987ರ ಕಾನೂನು ಸೇವೆಗಳ ಕಾಯ್ದೆಯ ಹಕ್ಕು. 15100ಕ್ಕೆ ಫೋನ್ ಮಾಡಿದರೆ ಸಾಕು. ಬಂದ ಹಣದಲ್ಲಿ ಮೂರನೇ ಒಂದು ಪಾಲು ಕೊಡಿ ಅಂತ ಮೊದಲೇ ಬರೆಸಿಕೊಳ್ಳುವ ಮಧ್ಯವರ್ತಿಗಳು ಆಸ್ಪತ್ರೆ ಬಾಗಿಲಲ್ಲೇ ಸಿಗುತ್ತಾರೆ. ಅವರ ಹತ್ತಿರ ಇನ್ನೊಂದು ಛಾಪಾ ಕಾಗದಕ್ಕೆ ಸಹಿ ಹಾಕಬೇಡಿ.

ಈಗ ನಿಮ್ಮ ತಂಗಿ. ಅವಳಿಗೆ ಆಗಿರುವ ಅನ್ಯಾಯ ಕಣ್ಣಿಗೆ ಕಾಣುವುದಿಲ್ಲ, ಅದಕ್ಕೇ ಹೆಚ್ಚು ಕಾಳಜಿ ಬೇಕು. ‘ಸಿಕ್ ಲೀವ್ ಹಾಕು’ ಅನ್ನೋ ಮಾತಿನಿಂದ ಏನಾಯಿತು ನೋಡಿ. ಇಎಸ್‌ಐನಲ್ಲಿ ಕಾಯಿಲೆಗೆ ಸಿಗುವುದು ಸಂಬಳದ ಶೇ. 70, ವರ್ಷಕ್ಕೆ 91 ದಿನದವರೆಗೆ, ಅದೂ ಅದಕ್ಕೆ ಸಂಬಂಧಪಟ್ಟ ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನದ ವಂತಿಗೆ ಇದ್ದರೆ. ಕೆಲಸದಲ್ಲಿ ಆದ ಗಾಯಕ್ಕೆ ಸಿಗುವುದು ಶೇ. 90. ಅದಕ್ಕೆ 91 ದಿನದ ಮಿತಿ ಇಲ್ಲ, ವಂತಿಗೆ ಷರತ್ತೂ ಇಲ್ಲ, ಕೆಲಸಕ್ಕೆ ಸೇರಿದ ಮೊದಲ ದಿನ ಬಿದ್ದರೂ ಸಿಗುತ್ತದೆ. ದಿನಕ್ಕೆ 450 ರೂಪಾಯಿ ಸಂಬಳ ಅಂತ ಹಿಡಿದರೆ 315ಕ್ಕೂ 405ಕ್ಕೂ ಇರುವ ವ್ಯತ್ಯಾಸ ಅದು. ದಿನಕ್ಕೆ 90 ರೂಪಾಯಿ. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಮಣಿಕಟ್ಟು ಮೊದಲಿನಂತೆ ತಿರುಗದೆ ಉಳಿದರೆ, ಅದು ಕೆಲಸದ ಗಾಯ ಅಂತ ದಾಖಲಾಗಿದ್ದರೆ ಮಾತ್ರ ಮೆಡಿಕಲ್ ಬೋರ್ಡ್ ಮುಂದೆ ಹೋಗಿ ಜೀವನಪೂರ್ತಿ ತಿಂಗಳು ತಿಂಗಳು ಹಣ ಪಡೆಯಬಹುದು. ಸಿಕ್ ಲೀವ್ ಆಗಿ ಉಳಿದರೆ ಆ ಬಾಗಿಲು ಮುಚ್ಚಿದ ಹಾಗೆ.

ಅದನ್ನು ತೆರೆಯಬಹುದು. ಕೆಲಸದ ಜಾಗದಲ್ಲಿ ಅಪಘಾತವಾದಾಗ ಅದನ್ನು ಆಕ್ಸಿಡೆಂಟ್ ಪುಸ್ತಕದಲ್ಲಿ ಬರೆದು ಫಾರಂ 12ರಲ್ಲಿ ಇಎಸ್‌ಐಗೆ ವರದಿ ಕಳಿಸುವುದು ಫ್ಯಾಕ್ಟರಿಯ ಕೆಲಸ. ಕಳಿಸಿಲ್ಲ ಅಂದರೆ ಎಚ್‌ಆರ್‌ಗೆ ಬರಹದಲ್ಲಿ ಕೇಳಿ. ಹಾಗೂ ಕಳಿಸದಿದ್ದರೆ ನಿಮ್ಮ ತಂಗಿಯೇ ಇಎಸ್‌ಐ ಬ್ರಾಂಚ್ ಆಫೀಸ್‌ಗೆ ಅರ್ಜಿ ಕೊಡಲಿ. ಯಾವ ಮೆಟ್ಟಿಲು, ಎಷ್ಟು ಗಂಟೆ, ಯಾವ ಲೈನ್‌ನಲ್ಲಿ ಕೆಲಸ, ಎತ್ತಿ ಕೂರಿಸಿದವರು ಯಾರು ಅಂತ ಬರೆದು, ಪಕ್ಕದಲ್ಲಿದ್ದ ಇಬ್ಬರ ಹೆಸರು ಹಾಕಲಿ. ಬ್ರಾಂಚ್ ಮ್ಯಾನೇಜರ್ ವಿಚಾರಣೆ ಮಾಡಿ ಇದು ಕೆಲಸದ ಗಾಯ ಹೌದೋ ಅಲ್ಲವೋ ಅಂತ ತೀರ್ಮಾನಿಸುತ್ತಾರೆ. ಕೆಲಸದ ವೇಳೆ ಆದ ಅಪಘಾತ ಕೆಲಸದಿಂದಲೇ ಆಯಿತು ಅಂತ ಇಎಸ್‌ಐ ಕಾಯ್ದೆಯೇ ಊಹಿಸುತ್ತದೆ. ಅಲ್ಲ ಅನ್ನುವವರು ಪುರಾವೆ ತರಬೇಕು. ಕೆಲಸಕ್ಕೆ ಹೋಗಿ ಬರುವ ದಾರಿಯಲ್ಲಿ ಆದ ಅಪಘಾತವೂ 2010ರಿಂದ ಇಎಸ್‌ಐಗೆ ಸೇರಿದೆ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ನೌಕರರ ಪರಿಹಾರ ಕಾಯ್ದೆಗೂ ಅದನ್ನೇ ಹೇಳಿತು. ನಸುಕಿನ ಪಾಳಿಗೆ ಹೊರಟು, ಸಕ್ಕರೆ ಕಾರ್ಖಾನೆಗೆ ಸುಮಾರು ಐದು ಕಿಲೋಮೀಟರ್ ಇರುವಾಗ ಬೈಕ್ ಅಪಘಾತದಲ್ಲಿ ತೀರಿಕೊಂಡ ಕಾವಲುಗಾರನ ಕುಟುಂಬದ ಕೇಸ್ ಅದು.

ತಾತ್ಕಾಲಿಕ ಊನದ ಹಣ ಪಡೆಯುತ್ತಿರುವಾಗ ಅವಳನ್ನು ಕೆಲಸದಿಂದ ತೆಗೆಯುವಂತಿಲ್ಲ, ಶಿಕ್ಷೆ ಕೊಡುವಂತಿಲ್ಲ. ‘ದೂರು ಕೊಟ್ಟರೆ ಗೇಟ್ ಪಾಸ್ ಕಿತ್ತುಕೊಳ್ಳುತ್ತೇವೆ’ ಅಂದರೆ ಹೆದರದೆ ಈ ಮಾತು ಹೇಳಲಿ.

ಮೆಡಿಕಲ್ ಬೋರ್ಡ್‌ಗೆ ಕರೆ ಬಂದ ದಿನ ಹಳೆಯದು, ಹೊಸದು ಎರಡೂ ಎಕ್ಸ್‌ರೇ ಇರಲಿ, ಫಿಸಿಯೋಥೆರಪಿ ಚೀಟಿಗಳೂ ಇರಲಿ. ಬೋರ್ಡ್ ಮುಂದೆ ನಮ್ಮ ಹೆಣ್ಣುಮಕ್ಕಳು ನಾಚಿಕೊಂಡು ‘ಪರವಾಗಿಲ್ಲ ಡಾಕ್ಟರ್, ಈಗ ಹುಷಾರು’ ಅಂದುಬಿಡುತ್ತಾರೆ. ಡಾಕ್ಟರ್ ಅದನ್ನೇ ಬರೆಯುತ್ತಾರೆ. ನಿಮ್ಮ ತಂಗಿ ಇದ್ದದ್ದನ್ನು ಇದ್ದ ಹಾಗೆ ಹೇಳಲಿ. ಮಷಿನ್ ಮುಂದೆ ಕೂತು ಬಟ್ಟೆ ತಳ್ಳುವಾಗ ಮಣಿಕಟ್ಟು ಎಷ್ಟು ಹೊತ್ತಿಗೆ ನೋಯಲು ಶುರುವಾಗುತ್ತದೆ, ಗಂಟೆಗೆ ಮೊದಲು ಎಷ್ಟು ಪೀಸ್ ಹೊಲಿಯುತ್ತಿದ್ದಳು, ಈಗ ಎಷ್ಟು, ಕತ್ತರಿ ಪೂರ್ತಿ ತೆರೆಯಲು ಆಗುತ್ತದಾ. ಹಿಂದಿನ ದಿನ ಇದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಲಿ. ಬೋರ್ಡ್ ಕೊಟ್ಟ ಶೇಕಡಾ ಕಡಿಮೆ ಅನ್ನಿಸಿದರೆ ಮೆಡಿಕಲ್ ಅಪೀಲ್ ಟ್ರಿಬ್ಯೂನಲ್‌ಗೆ ಹೋಗಬಹುದು. ಅದಕ್ಕೆ ಗಡುವು ಇರುವುದರಿಂದ ಆದೇಶ ಕೈಗೆ ಬಂದ ದಿನವೇ, ಅದು ಸಿಕ್ಕ ತಾರೀಕನ್ನು ಆ ಹಾಳೆಯ ಮೇಲೆಯೇ ಬರೆದಿಟ್ಟುಕೊಳ್ಳಲಿ.